ಮೂರು ವರ್ಷ, ಐದು ವರ್ಷ ಮತ್ತು ಗಂಡ ಹುಟ್ಟಿದ ದೇಶ: ಅಮೆರಿಕದಲ್ಲಿ ಒಬ್ಬ ಡಾಕ್ಟರ್‌ಗೆ ಗ್ರೀನ್ ಕಾರ್ಡ್ ಸಿಕ್ಕ ಬಗೆ

ಅಮೆರಿಕದಲ್ಲಿ ಡಾಕ್ಟರ್‌ಗಳು ಸಾಲುತ್ತಿಲ್ಲ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘವಾದ ಎಎಎಂಸಿ 2024ರಲ್ಲಿ ಕೊಟ್ಟ ಅಂದಾಜಿನಂತೆ, 2036ರ ಹೊತ್ತಿಗೆ 86,000 ಡಾಕ್ಟರ್‌ಗಳವರೆಗೆ ಕೊರತೆ ಬೀಳಬಹುದು. ಈಗ ಕೆಲಸ ಮಾಡುತ್ತಿರುವವರಲ್ಲೂ ಸುಮಾರು ನಾಲ್ವರಿಗೆ ಒಬ್ಬರು ಹೊರಗಿನ ದೇಶದಲ್ಲಿ ಓದಿ ಬಂದವರು. ಇಷ್ಟು ಬೇಡಿಕೆ ಇದ್ದ ಮೇಲೆ ಡಾಕ್ಟರ್‌ಗಳಿಗೆ ಗ್ರೀನ್ ಕಾರ್ಡ್ ಬೇಗ ಸಿಗಬೇಕು ಅಲ್ವಾ? ಹಾಗೇನೂ ಇಲ್ಲ. ಎಷ್ಟು ಒಳ್ಳೆಯ ಡಾಕ್ಟರ್ ಅನ್ನೋದಕ್ಕಿಂತ ಯಾವ ವೀಸಾದಲ್ಲಿ ಬಂದರು, ಯಾವ ಊರಲ್ಲಿ ಕೆಲಸ ಮಾಡಿದರು, ಎಲ್ಲಿ ಹುಟ್ಟಿದರು ಅನ್ನೋದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಭಾರತದಲ್ಲಿ ಎಂಬಿಬಿಎಸ್ ಮಾಡಿ ಹೋದ ಒಬ್ಬ ಡಾಕ್ಟರಮ್ಮನ ಕಥೆ. ಇಮಿಗ್ರೇಷನ್ ವಕೀಲರ ಕಚೇರಿಯಲ್ಲಿ ಕಾಗದ ಪತ್ರ ಜೋಡಿಸುವ ಕೆಲಸ ನನ್ನದು. ಈ ಫೈಲು ನನ್ನ ಮೇಜಿಗೆ ಬಂದದ್ದು ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದ ಮೇಲೆ. ಗುರುತು ಸಿಗದಿರಲಿ ಎಂದು ಹೆಸರು, ರಾಜ್ಯ, ಆಸ್ಪತ್ರೆ ಯಾವುದನ್ನೂ ಹೇಳುತ್ತಿಲ್ಲ. ವರ್ಷಗಳನ್ನು ಮಾತ್ರ ಬಿಡುವ ಹಾಗಿಲ್ಲ. ಇಲ್ಲಿ ಎಲ್ಲವೂ ನಿಂತಿರೋದು ವರ್ಷಗಳ ಮೇಲೆ.

ಜೆ-1ರ ಸಾಲ

2016ರ ಮಾರ್ಚ್‌ನಲ್ಲಿ ಅವರಿಗೆ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮ್ಯಾಚ್ ಆಯಿತು, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಪಡೆಯುವ ತರಬೇತಿಗೆ ಸೀಟು ಸಿಕ್ಕಿತು. ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಸ್ಟೆಪ್ 1 ಮತ್ತು 2 ಮುಗಿಸಿದ್ದರು, ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟ್ ಕೈಯಲ್ಲಿತ್ತು. ಜುಲೈ 1ಕ್ಕೆ ಕೆಲಸ ಶುರು. ವೀಸಾ ಯಾವುದು ಅನ್ನೋ ಪ್ರಶ್ನೆ ಬಂದಾಗ ಆಯ್ಕೆ ಮಾಡೋಕೆ ಏನೂ ಇರಲಿಲ್ಲ. ಎಚ್-1ಬಿ, ಅಂದರೆ ಕೆಲಸ ಕೊಡುವವರು ಮಾಡಿಸುವ ಉದ್ಯೋಗ ವೀಸಾ, ಬೇಕೆಂದರೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಅದೂ ಅಲ್ಲದೆ ಎಷ್ಟೋ ಆಸ್ಪತ್ರೆಗಳು ರೆಸಿಡೆಂಟ್‌ಗಳಿಗೆ ಎಚ್-1ಬಿ ಮಾಡಿಸೋದೇ ಇಲ್ಲ. ಹಾಗಾಗಿ ತರಬೇತಿಗೆ, ಓದಿಗೆ ಬರುವವರಿಗೆ ಕೊಡುವ ಜೆ-1. ಅವರ ಜೊತೆ ಗಂಡ ಜೆ-2ದಲ್ಲಿ, ಅಂದರೆ ಜೆ-1ನವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ ಬಂದರು. ಅಕೌಂಟಿಂಗ್ ಓದಿದವರು. ವರ್ಕ್ ಪರ್ಮಿಟ್ ತಗೊಂಡು ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು.

ಡಾಕ್ಟರ್‌ಗಳ ಜೆ-1 ಉಳಿದ ಜೆ-1ಗಳ ಹಾಗಲ್ಲ. ತರಬೇತಿ ಮುಗಿದ ಮೇಲೆ ಒಟ್ಟು ಎರಡು ವರ್ಷ ಸ್ವಂತ ದೇಶಕ್ಕೆ ಹೋಗಿ ಇರಬೇಕು. ಅಲ್ಲಿಯವರೆಗೆ ಎಚ್-1ಬಿ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ಬೇರೆ ವಿದ್ಯಾರ್ಥಿಗಳಾದರೆ ಸ್ವಂತ ಸರ್ಕಾರದಿಂದ 'ನಮ್ಮದೇನೂ ಆಕ್ಷೇಪ ಇಲ್ಲ' ಅಂತ ಪತ್ರ ತಂದು ಈ ಷರತ್ತಿನಿಂದ ತಪ್ಪಿಸಿಕೊಳ್ಳಬಹುದು. ರೆಸಿಡೆನ್ಸಿಗೆ ಬಂದ ಡಾಕ್ಟರ್‌ಗಳಿಗೆ ಆ ದಾರಿ ಮುಚ್ಚಿದೆ. ಅದಕ್ಕೂ ಮೊದಲು, ವೀಸಾ ಸಿಗಬೇಕಾದರೇ ಭಾರತದ ಆರೋಗ್ಯ ಸಚಿವಾಲಯದಿಂದ ಒಂದು ಪತ್ರ ಬೇಕು. ಈ ವಿದ್ಯೆ ಕಲಿತವರು ನಮ್ಮ ದೇಶಕ್ಕೆ ಬೇಕು, ಇವರು ವಾಪಸ್ ಬರುತ್ತೇನೆ ಎಂದು ಬರೆದುಕೊಟ್ಟಿದ್ದಾರೆ ಅನ್ನೋದು ಅದರ ಸಾರ. ಮ್ಯಾಚ್ ಆದ ಖುಷಿಯಲ್ಲಿ ಆ ಪತ್ರಕ್ಕೆ ಸಹಿ ಹಾಕುವಾಗ ಯಾರೂ ಅದನ್ನು ಎರಡು ಸಲ ಓದೋದಿಲ್ಲ. ಜೆ-2ದಲ್ಲಿರುವ ಗಂಡನಿಗೋ ಹೆಂಡತಿಗೋ ಅದೇ ಷರತ್ತು ಅಂಟಿಕೊಳ್ಳುತ್ತದೆ ಅನ್ನೋದು ಬಹಳ ಜನಕ್ಕೆ ಆಮೇಲೆ ಗೊತ್ತಾಗುತ್ತದೆ.

ಎರಡು ವರ್ಷ ವಾಪಸ್ ಹೋಗದೆ ಇರಬೇಕಾದರೆ ವೇವರ್, ಅಂದರೆ ಷರತ್ತಿನಿಂದ ವಿನಾಯಿತಿ ಬೇಕು. ಹೆಚ್ಚಿನ ಡಾಕ್ಟರ್‌ಗಳು ಹಿಡಿಯುವ ದಾರಿ ಕಾನ್ರಾಡ್ 30. ನಾರ್ತ್ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ ತಂದ ಯೋಜನೆ ಇದು. 1994ರಲ್ಲಿ ಶುರುವಾದಾಗ ಒಂದು ರಾಜ್ಯಕ್ಕೆ ವರ್ಷಕ್ಕೆ 20 ಜಾಗ ಇತ್ತು, 2002ರಲ್ಲಿ 30 ಆಯಿತು. ಡಾಕ್ಟರ್‌ಗಳು ಕಡಿಮೆ ಇದ್ದಾರೆ ಎಂದು ಸರ್ಕಾರ ಗುರುತಿಸಿದ ಪ್ರದೇಶದಲ್ಲಿ ಮೂರು ವರ್ಷ, ವಾರಕ್ಕೆ 40 ಗಂಟೆ, ಎಚ್-1ಬಿ ಮೇಲೆ ಕೆಲಸ ಮಾಡಬೇಕು. ಹಾಗೆ ಮಾಡಿದರೆ ಎರಡು ವರ್ಷದ ಷರತ್ತು ಮನ್ನಾ. ಅರ್ಜಿ ಮೊದಲು ರಾಜ್ಯದ ಆರೋಗ್ಯ ಇಲಾಖೆಗೆ, ಅಲ್ಲಿಂದ ಅಮೆರಿಕದ ವಿದೇಶಾಂಗ ಇಲಾಖೆಯಾದ ಸ್ಟೇಟ್ ಡಿಪಾರ್ಟ್‌ಮೆಂಟ್‌ಗೆ, ಕೊನೆಗೆ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಹೋಗುತ್ತದೆ. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಹೀಗೆ ಬಂದವರಿಗೆ ಎಚ್-1ಬಿ ಲಾಟರಿ ಇಲ್ಲ.

30 ಅನ್ನೋದು ತುಂಬಾ ಸಣ್ಣ ಸಂಖ್ಯೆ. ಅಮೆರಿಕ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಜನ ಹೆಚ್ಚು ಬಯಸುವ ದೊಡ್ಡ ರಾಜ್ಯಗಳಲ್ಲಿ ಅರ್ಜಿಗಳು ಆಗಲೇ ನುಗ್ಗುತ್ತವೆ. ನಮ್ಮ ಡಾಕ್ಟರ್ ರೆಸಿಡೆನ್ಸಿಯ ಎರಡನೇ ವರ್ಷದಲ್ಲೇ ಕೆಲಸ ಹುಡುಕಲು ಶುರು ಮಾಡಿದ್ದರು. ಅದು ಸರಿಯಾದ ಹೊತ್ತು. ಫೆಲೋಶಿಪ್ ಮಾಡಿ ಸ್ಪೆಷಲಿಸ್ಟ್ ಆಗುವ ಆಸೆ ಇತ್ತು, ಅದನ್ನು ಬಿಟ್ಟರು. ಬಹಳಷ್ಟು ರಾಜ್ಯಗಳು ಪ್ರೈಮರಿ ಕೇರ್‌ನವರಿಗೆ ಮೊದಲ ಮಣೆ ಹಾಕುತ್ತವೆ, ಸ್ಪೆಷಲಿಸ್ಟ್‌ಗಳು ಉಳಿದ ಜಾಗಕ್ಕೆ ಕಾಯಬೇಕು. 2018ರ ಅಕ್ಟೋಬರ್‌ನಲ್ಲಿ ಮಧ್ಯಭಾಗದ ಒಂದು ರಾಜ್ಯದಿಂದ ಅರ್ಜಿ ಹೋಯಿತು. ಅದು ಹಳ್ಳಿಗಾಡಿನ ಕ್ಲಿನಿಕ್, ಅದನ್ನು ನಡೆಸುತ್ತಿದ್ದದ್ದು ದೂರದ ಪಟ್ಟಣದ ಆಸ್ಪತ್ರೆ. 2019ರ ವಸಂತಕ್ಕೆ ವೇವರ್ ಸಿಕ್ಕಿತು. ಆಗಸ್ಟ್ 1ಕ್ಕೆ ಕೆಲಸ ಶುರುವಾಯಿತು.

ಅದೇ ದಿನದಿಂದ ಗಂಡನ ಕೆಲಸ ನಿಂತಿತು. ಜೆ-2ದಲ್ಲಿ ವರ್ಕ್ ಪರ್ಮಿಟ್ ಸಿಗುತ್ತದೆ, ಎಚ್-4ಕ್ಕೆ, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾಕ್ಕೆ ಬದಲಾದ ಕೂಡಲೇ ಸಿಗೋದಿಲ್ಲ. 2015ರಲ್ಲಿ ಬಂದ ನಿಯಮದಂತೆ, ಸಾಮಾನ್ಯವಾಗಿ ಹೆಂಡತಿಯ ಐ-140, ಅಂದರೆ ಗ್ರೀನ್ ಕಾರ್ಡ್‌ನ ಮೊದಲ ಹಂತದ ಅರ್ಜಿ, ಮಂಜೂರಾದ ಮೇಲಷ್ಟೇ ಎಚ್-4ನವರು ಕೆಲಸದ ಪರವಾನಗಿ ಕೇಳಬಹುದು. ಮುಂದೆ ನಡೆದ ಎಲ್ಲಕ್ಕೂ ಚುರುಕು ಬಂದದ್ದು ಇದರಿಂದ. ಡಾಕ್ಟರ್‌ಗೆ ಗ್ರೀನ್ ಕಾರ್ಡ್ ಅರ್ಜೆಂಟ್ ಇರಲಿಲ್ಲ. ಮನೆಯಲ್ಲಿ ಕೂತ ಅಕೌಂಟೆಂಟ್‌ಗೆ ಇತ್ತು.

ಮೂರು ಬೇರೆ, ಐದು ಬೇರೆ

ಕಾನ್ರಾಡ್‌ನ ಮೂರು ವರ್ಷ ಮುಗಿಸಿದರೆ ಗ್ರೀನ್ ಕಾರ್ಡ್ ಬರುತ್ತದೆ ಅಂತ ನಂಬಿರುವವರು ಬೇಕಾದಷ್ಟು ಜನ ಇದ್ದಾರೆ. ಬರೋದಿಲ್ಲ. ಆ ಮೂರು ವರ್ಷ ಹಳೆಯ ಸಾಲ ತೀರಿಸುತ್ತದೆ, ಅಷ್ಟೇ. ಗ್ರೀನ್ ಕಾರ್ಡ್‌ಗೆ ಬೇರೆಯೇ ಅರ್ಜಿ ಬೇಕು.

ಒಂದು ದಾರಿ, ಆಸ್ಪತ್ರೆಯೇ ಪರ್ಮ್ ಎನ್ನುವ ಅರ್ಜಿ ಹಾಕೋದು. ಈ ಕೆಲಸಕ್ಕೆ ಇಲ್ಲಿನವರು ಯಾರೂ ಸಿಗಲಿಲ್ಲ ಎಂದು ಜಾಹೀರಾತು ಕೊಟ್ಟು ತೋರಿಸಬೇಕು. ಆಸ್ಪತ್ರೆ ಮನಸ್ಸು ಮಾಡಬೇಕು, ಡಾಕ್ಟರ್ ಕೈಯಲ್ಲಿ ಏನೂ ಇಲ್ಲ. ಇನ್ನೊಂದು ದಾರಿ ಡಾಕ್ಟರ್‌ಗಳಿಗೆಂದೇ 1999ರ ಒಂದು ಕಾನೂನಿನಲ್ಲಿ ಸೇರಿಸಿದ ನ್ಯಾಷನಲ್ ಇಂಟರೆಸ್ಟ್ ವೇವರ್, ಅಂದರೆ ಎನ್‌ಐಡಬ್ಲ್ಯೂ. ದೇಶದ ಹಿತಕ್ಕಾಗಿ ಆ ಪರ್ಮ್‌ನಿಂದ ಕೊಡುವ ವಿನಾಯಿತಿ ಇದು. ಕೊರತೆಯ ಪ್ರದೇಶದಲ್ಲಿ ಅಥವಾ ಮಾಜಿ ಸೈನಿಕರ ವೆಟರನ್ಸ್ ಆಸ್ಪತ್ರೆಯಲ್ಲಿ ಒಟ್ಟು ಐದು ವರ್ಷ ಪೂರ್ಣಾವಧಿ ಕೆಲಸ ಮಾಡುವುದಾದರೆ, ಡಾಕ್ಟರ್ ತಾವೇ ಐ-140 ಹಾಕಿಕೊಳ್ಳಬಹುದು. ಜೆ-1ರಲ್ಲಿ ಕಳೆದ ಕಾಲ ಈ ಐದರಲ್ಲಿ ಸೇರೋದಿಲ್ಲ. ಕಾನ್ರಾಡ್‌ನ ಮೂರು ವರ್ಷ ಸೇರುತ್ತದೆ. ಐ-140 ಮಂಜೂರಾಗುವ ಮೊದಲೇ ಮಾಡಿದ ಸೇವೆಯನ್ನೂ ಸೇರಿಸಬೇಕು ಎಂದು 2006ರಲ್ಲಿ ಷ್ನೈಡರ್ ಪ್ರಕರಣದಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟ್ ಹೇಳಿದ ಮೇಲೆ ಆ ತಕರಾರೂ ಹೋಯಿತು.

ಅರ್ಜಿಯನ್ನು ಐದು ವರ್ಷ ಮುಗಿದ ಮೇಲೆ ಹಾಕಬೇಕಾಗಿಲ್ಲ, ಕೆಲಸದ ಮೊದಲ ದಿನಗಳಲ್ಲೇ ಹಾಕಬಹುದು. ಹಾಕಿದ ದಿನಾಂಕವೇ ಪ್ರಯಾರಿಟಿ ಡೇಟ್, ಅಂದರೆ ಕ್ಯೂನಲ್ಲಿ ನಿಮ್ಮ ಜಾಗ. ಇಷ್ಟು ಸರಳವಾದ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎಚ್-1ಬಿ ಮಾಡಿಸಿದ್ದ ವಕೀಲರು ಆಸ್ಪತ್ರೆಯ ವಕೀಲರು. ಆಸ್ಪತ್ರೆಗೆ ಬೇಕಾಗಿದ್ದದ್ದು ಮೂರು ವರ್ಷದ ಡಾಕ್ಟರ್. ಅವರ ತಪ್ಪು ಅಂತ ನಾನು ಹೇಳೋದಿಲ್ಲ, ಅವರ ಕಕ್ಷಿದಾರರು ಆಸ್ಪತ್ರೆ. ಆದರೆ ಡಾಕ್ಟರ್‌ಗಳು ಸ್ವಂತಕ್ಕೊಬ್ಬ ವಕೀಲರನ್ನು ಇಟ್ಟುಕೊಳ್ಳದೆ ಹೋಗೋದು ನನಗೆ ಇವತ್ತಿಗೂ ಅರ್ಥವಾಗದ ವಿಷಯ. ಮನೆ ಕೊಳ್ಳುವಾಗ ನೂರು ಸಲ ವಿಚಾರಿಸುವವರು ಇಲ್ಲಿ ಮಾತ್ರ ಎಚ್‌ಆರ್ ಕಳಿಸಿದ ಇಮೇಲ್ ನಂಬಿ ಕೂರುತ್ತಾರೆ.

ಹೇಗೋ, ರೆಸಿಡೆನ್ಸಿಯ ಸೀನಿಯರ್ ಒಬ್ಬರು ಹೇಳಿದ್ದರಿಂದ ಗೊತ್ತಾಯಿತು. ಈ ಅರ್ಜಿಗೆ ರಾಜ್ಯದ ಆರೋಗ್ಯ ಇಲಾಖೆಯಿಂದ, 'ಇವರ ಕೆಲಸ ಸಾರ್ವಜನಿಕರ ಹಿತಕ್ಕೆ ಬೇಕು' ಎನ್ನುವ ಪತ್ರ ಬೇಕು. ಜೊತೆಗೆ ಕೆಲಸದ ಕರಾರು ಬೇಕು. ಎರಡೂ ಅರ್ಜಿ ಹಾಕುವ ದಿನಕ್ಕೆ ಹಿಂದಿನ ಆರು ತಿಂಗಳ ಒಳಗಿನವೇ ಆಗಿರಬೇಕು. ಅವರ ಕರಾರು 2018ರದ್ದು, ಅದೂ ಮೂರೇ ವರ್ಷದ್ದು. ಐದು ವರ್ಷಕ್ಕೆ ಹೊಸದಾಗಿ ಬರೆದುಕೊಡಿ ಎಂದರೆ ಆಸ್ಪತ್ರೆ ಹಿಂದೆ ಮುಂದೆ ನೋಡಿತು. ಬಿಟ್ಟು ಹೋದರೆ ಕಟ್ಟಬೇಕಾದ ದಂಡದ ಮೊತ್ತವನ್ನೂ ಐದು ವರ್ಷಕ್ಕೆ ಹಿಗ್ಗಿಸೋಣ ಎಂದಿತು. ಅಷ್ಟು ಬೇಡ, ದಂಡ ಮೂರೇ ವರ್ಷಕ್ಕೆ ಇರಲಿ, ಕೆಲಸದ ಭರವಸೆ ಮಾತ್ರ ಐದಕ್ಕೆ ಇರಲಿ ಎಂದು ಇವರು ಪಟ್ಟು ಹಿಡಿದರು. ತಿಂಗಳುಗಟ್ಟಲೆ ಚೌಕಾಸಿ ನಡೆದು, ಕೊನೆಗೆ 2020ರ ಜನವರಿಯಲ್ಲಿ ಅರ್ಜಿ ಹೋಯಿತು. ಪ್ರಯಾರಿಟಿ ಡೇಟ್ ಸಿಕ್ಕಿತು. ಅದೇ ವರ್ಷದ ಕೊನೆಗೆ ಐ-140 ಮಂಜೂರಾಯಿತು. 2021ರ ಶುರುವಿಗೆ ಗಂಡ ಮತ್ತೆ ಕೆಲಸಕ್ಕೆ ಹೋದರು.

ಈ ನಡುವೆ ಕೋವಿಡ್ ಬಂದು ಹೋಯಿತು. ನ್ಯೂಯಾರ್ಕ್‌ನಲ್ಲಿ ಡಾಕ್ಟರ್‌ಗಳಿಗಾಗಿ ಪರದಾಡುತ್ತಿದ್ದ ದಿನಗಳಲ್ಲಿ ಇಂಥವರು ಅಲ್ಲಿಗೆ ಹೋಗಿ ಒಂದು ವಾರ ಕೈಜೋಡಿಸುವ ಹಾಗೂ ಇರಲಿಲ್ಲ. ಎಚ್-1ಬಿ ಒಬ್ಬ ಮಾಲೀಕರಿಗೆ, ಹೇಳಿದ ಜಾಗಕ್ಕೆ ಕಟ್ಟಿಹಾಕಿದ ವೀಸಾ.

ಕ್ಲಿನಿಕ್ ಮುಚ್ಚಿದಾಗ

2021ರ ಮಾರ್ಚ್‌ನಲ್ಲಿ ಆಡಳಿತದವರು ಮೀಟಿಂಗ್ ಕರೆದು, ಮೇ ಕೊನೆಗೆ ಕ್ಲಿನಿಕ್ ಮುಚ್ಚುತ್ತೇವೆ ಎಂದರು. ನಷ್ಟ ಆಗುತ್ತಿದೆ, ಎಲ್ಲರನ್ನೂ ಪಟ್ಟಣದ ಮುಖ್ಯ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತೇವೆ, ಯಾರ ಕೆಲಸವೂ ಹೋಗೋದಿಲ್ಲ ಎಂದರು. ಎಚ್‌ಆರ್‌ನವರು ಡಾಕ್ಟರ್‌ಗೆ ನಗುನಗುತ್ತಾ ಹೇಳಿದ ಮಾತು ಫೈಲಿನ ಇಮೇಲ್‌ನಲ್ಲಿದೆ: ಅದೇ ಕಂಪನಿ, ಅದೇ ಸಂಬಳ, ಡ್ರೈವ್ ಸ್ವಲ್ಪ ಜಾಸ್ತಿ, ಅಷ್ಟೇ.

ಅಷ್ಟೇ ಆಗಿರಲಿಲ್ಲ. ಮುಖ್ಯ ಆಸ್ಪತ್ರೆ ಇದ್ದ ಪಟ್ಟಣ ಕೊರತೆಯ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿಗೆ ಹೋದ ದಿನವೇ ಕಾನ್ರಾಡ್‌ನ ಮೂರು ವರ್ಷಕ್ಕೆ ಭಂಗ ಬರುತ್ತಿತ್ತು. ಭಂಗ ಬಂದರೆ, ಎರಡು ವರ್ಷ ದೇಶಕ್ಕೆ ಹೋಗಬೇಕು ಅನ್ನೋ ಹಳೆಯ ಷರತ್ತು ಮತ್ತೆ ತಲೆಯ ಮೇಲೆ ಬಂದು ಕೂರುತ್ತದೆ. ಎನ್‌ಐಡಬ್ಲ್ಯೂದ ಐದು ವರ್ಷದ ಎಣಿಕೆಯೂ ನಿಲ್ಲುತ್ತದೆ. ಜಾಗ ಬದಲಾದರೆ ಎಚ್-1ಬಿಯನ್ನೂ ತಿದ್ದಬೇಕು. ಎಚ್‌ಆರ್‌ಗೆ ಗೊತ್ತಿದ್ದದ್ದು ಆ ಕೊನೆಯದು ಮಾತ್ರ. ಕೆಟ್ಟ ಎಚ್‌ಆರ್‌ಗಿಂತ ಒಳ್ಳೆಯ ಮನಸ್ಸಿನ, ವಿಷಯ ಗೊತ್ತಿಲ್ಲದ ಎಚ್‌ಆರ್ ಹೆಚ್ಚು ಅಪಾಯ ಅಂತ ನನಗೆ ಅನಿಸೋದು ಇಂಥ ಇಮೇಲ್ ಓದಿದಾಗ.

ಡಾಕ್ಟರ್ ಆಗ ಮಾಡಿದ ಒಂದು ಕೆಲಸ ಇಡೀ ಫೈಲನ್ನು ಉಳಿಸಿತು. ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕಾನ್ರಾಡ್ ನೋಡಿಕೊಳ್ಳುವ ಅಧಿಕಾರಿಗೆ ನೇರವಾಗಿ ಫೋನ್ ಮಾಡಿದರು. ಇಲಾಖೆಯವರು ಎಂದರೆ ದೂರ ಇರುವವರೇ ಜಾಸ್ತಿ, ವೇವರ್ ಎಲ್ಲಿ ರದ್ದು ಮಾಡಿಬಿಡುತ್ತಾರೋ ಅಂತ ಭಯ. ಆದರೆ ತಮ್ಮ 30ರಲ್ಲಿ ಒಂದು ಜಾಗ ಕೊಟ್ಟು ಕರೆಸಿಕೊಂಡ ಡಾಕ್ಟರ್ ರಾಜ್ಯ ಬಿಟ್ಟು ಹೋಗೋದು ಆ ಅಧಿಕಾರಿಗೂ ಬೇಡ. ಮಾಲೀಕರನ್ನು ಬದಲಿಸಲು ಕಾನೂನಿನಲ್ಲೇ ಅವಕಾಶ ಇದೆ, ಕ್ಲಿನಿಕ್ ಮುಚ್ಚೋದು ಅದಕ್ಕೆ ಒಪ್ಪುವಂಥ ಕಾರಣ ಎಂದು ಅವರೇ ಹೇಳಿದರು. ಅದೇ ರಾಜ್ಯದಲ್ಲಿ ಡಾಕ್ಟರ್ ಹುಡುಕುತ್ತಿದ್ದ ಒಂದು ಸಮುದಾಯ ಆರೋಗ್ಯ ಕೇಂದ್ರದ ನಂಬರ್ ಕೊಟ್ಟರು. ಕೊನೆಗೆ ಇನ್ನೊಂದು ಮಾತು ಸೇರಿಸಿದರು: ಮುಚ್ಚುವ ಮೊದಲೇ ಕ್ಲಿನಿಕ್‌ನಿಂದ ಸೇವೆಯ ಪತ್ರ ಬರೆಸಿಕೊಳ್ಳಿ, ಆಮೇಲೆ ಯಾರೂ ಇರಲ್ಲ.

ಆ ಪತ್ರ ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಒಂದೇ ಪುಟ. ಕೆಲಸ ಶುರುವಾದ ದಿನ, ಮುಗಿದ ದಿನ, ವಾರಕ್ಕೆ 40 ಗಂಟೆ ರೋಗಿಗಳನ್ನು ನೋಡಿದ್ದು, ಕ್ಲಿನಿಕ್‌ನ ಪೂರ್ತಿ ವಿಳಾಸ, ಅದು ಕೊರತೆಯ ಪ್ರದೇಶ ಎನ್ನುವ ಗುರುತಿನ ಸಂಖ್ಯೆ, ಮುಚ್ಚಲು ಕಾರಣ, ಮೆಡಿಕಲ್ ಡೈರೆಕ್ಟರ್ ಸಹಿ. ಹೊಗಳಿಕೆ ಒಂದು ಸಾಲೂ ಇಲ್ಲ. ನನ್ನ ಮೇಜಿಗೆ ಬರುವ ಸೇವೆಯ ಪತ್ರಗಳಲ್ಲಿ ಹತ್ತರಲ್ಲಿ ಒಂಬತ್ತು 'ಬಹಳ ಒಳ್ಳೆಯ ಡಾಕ್ಟರ್, ರೋಗಿಗಳಿಗೆ ಅಚ್ಚುಮೆಚ್ಚು' ಅಂತ ಶುರುವಾಗಿ, ದಿನಾಂಕವೇ ಇಲ್ಲದೆ ಮುಗಿಯುತ್ತವೆ.

ಎಚ್-1ಬಿಯಲ್ಲಿ ಕೆಲಸ ಹೋದರೆ 60 ದಿನಗಳ ಅವಕಾಶ ಇರುತ್ತದೆ. ಮೇ 31ಕ್ಕೆ ಹಳೆಯ ಕೆಲಸ ಮುಗಿಯಿತು. ಆ 60 ದಿನದೊಳಗೇ ಹೊಸ ಕೇಂದ್ರ ಎಚ್-1ಬಿ ಅರ್ಜಿ ಹಾಕಿತು, ಜುಲೈ ಮಧ್ಯದಲ್ಲಿ ಇವರು ಕೆಲಸಕ್ಕೆ ಸೇರಿದರು. ನಡುವಿನ ಸುಮಾರು ಆರು ವಾರ ಮೂರರ ಲೆಕ್ಕಕ್ಕೂ ಇಲ್ಲ, ಐದರ ಲೆಕ್ಕಕ್ಕೂ ಇಲ್ಲ. ಹಾಗಾಗಿ ಎರಡೂ ಗಡುವು ಅಷ್ಟೇ ಮುಂದೆ ಹೋದವು. ಎನ್‌ಐಡಬ್ಲ್ಯೂದಲ್ಲಿ ಮಾಲೀಕರು ಬದಲಾದರೆ ಹೊಸ ಐ-140 ಹಾಕಬೇಕು, ರಾಜ್ಯದ ಪತ್ರ ಹೊಸದಾಗಿ ತರಬೇಕು. ಆದರೆ ಹಳೆಯ ಪ್ರಯಾರಿಟಿ ಡೇಟ್ ಉಳಿಯುತ್ತದೆ, ಮಾಡಿದ ಸೇವೆಯೂ ಉಳಿಯುತ್ತದೆ. ಹಾಗೇ ಆಯಿತು.

ಹಿಂದಕ್ಕೆ ಹೋದ ಕ್ಯೂ

ಮೂರು ವರ್ಷದ ಸೇವೆ 2022ರ ಸೆಪ್ಟೆಂಬರ್ ಮಧ್ಯಕ್ಕೆ ಮುಗಿಯಿತು. ಅದೇ ತಿಂಗಳು ಇವರು ನಮ್ಮ ಕಚೇರಿಗೆ ಬಂದರು. ಕಾರಣ ವೀಸಾ ಬುಲೆಟಿನ್, ಅಂದರೆ ಯಾವ ಪ್ರಯಾರಿಟಿ ಡೇಟ್‌ನವರೆಗೆ ಗ್ರೀನ್ ಕಾರ್ಡ್ ಸರದಿ ಬಂದಿದೆ ಎಂದು ಸರ್ಕಾರ ಪ್ರತಿ ತಿಂಗಳು ಹೊರಡಿಸುವ ಪಟ್ಟಿ.

ಸ್ವಲ್ಪ ಲೆಕ್ಕ ಬೇಕು. ಕೆಲಸದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಅದರಲ್ಲಿ ಶೇಕಡ 28.6 ಪಾಲು, ಎನ್‌ಐಡಬ್ಲ್ಯೂದವರೂ ಸೇರುವ ಇಬಿ-2 ಎನ್ನುವ ವರ್ಗಕ್ಕೆ, ಅಂದರೆ ಸುಮಾರು 40,000. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡ 7ರ ಮಿತಿ. ಹಾಗೆ ನೋಡಿದರೆ ಭಾರತದಲ್ಲಿ ಹುಟ್ಟಿದವರಿಗೆ ಇಬಿ-2ರಲ್ಲಿ ಸಿಗೋದು ಸುಮಾರು 2,800. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಅದರಲ್ಲೇ ಬರಬೇಕು. ಬೇರೆಯವರು ಬಳಸದೆ ಬಿಟ್ಟದ್ದು ಸ್ವಲ್ಪ ಸೇರಬಹುದು. ಕ್ಯೂನಲ್ಲಿ ಸಾಫ್ಟ್‌ವೇರ್‌ನವರು, ಎಂಜಿನಿಯರ್‌ಗಳು, ಡಾಕ್ಟರ್‌ಗಳು ಎಲ್ಲರೂ ಒಟ್ಟಿಗೆ. ಕೊರತೆಯ ಊರಲ್ಲಿ ಐದು ವರ್ಷ ದುಡಿದ ಡಾಕ್ಟರ್‌ಗೂ ಬೇರೆ ಕ್ಯೂ ಇಲ್ಲ.

ಕೋವಿಡ್ ಸಮಯದಲ್ಲಿ ಕುಟುಂಬದ ಕೋಟಾದಲ್ಲಿ ಉಳಿದ ವೀಸಾಗಳು ಈ ಕಡೆಗೆ ಬಂದವು. 2021ರ ಹಣಕಾಸು ವರ್ಷದಲ್ಲಿ ಒಟ್ಟು 2.62 ಲಕ್ಷ, 2022ರಲ್ಲಿ 2.81 ಲಕ್ಷ ಆಯಿತು. ಭಾರತದ ಇಬಿ-2 ಕ್ಯೂ ಜೋರಾಗಿ ಓಡಿ, 2022ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ 2014ರ ಡಿಸೆಂಬರ್ 1ಕ್ಕೆ ಬಂದು ನಿಂತಿತು. ಇನ್ನು ಕೆಲವೇ ವರ್ಷದಲ್ಲಿ 2020ಕ್ಕೆ ಬರುತ್ತದೆ ಎಂದು ಇವರು ಲೆಕ್ಕ ಹಾಕಿದ್ದರು. ಅಕ್ಟೋಬರ್‌ನ ಬುಲೆಟಿನ್ ಬಂತು. ದಿನಾಂಕ 2012ರ ಏಪ್ರಿಲ್ 1. ಒಂದೇ ತಿಂಗಳಲ್ಲಿ ಎರಡೂವರೆ ವರ್ಷಕ್ಕಿಂತ ಹೆಚ್ಚು ಹಿಂದಕ್ಕೆ ಹೋಗಿತ್ತು. ಡಿಸೆಂಬರ್‌ನಲ್ಲಿ ಇನ್ನೂ ಹಿಂದೆ, 2011ರ ಅಕ್ಟೋಬರ್‌ಗೆ ಜಾರಿತು.

ಅದಕ್ಕಿಂತ ಮೇಲಿನ ವರ್ಗವಾದ ಇಬಿ-1ಕ್ಕೆ ಪ್ರಯತ್ನಿಸಬಹುದಾ, ಬೇರೆ ರೀತಿಯ ಎನ್‌ಐಡಬ್ಲ್ಯೂ ಹಾಕಬಹುದಾ ಎಂದು ಕೇಳಲು ಬಂದಿದ್ದರು. ಇನ್ನೊಂದು ಎನ್‌ಐಡಬ್ಲ್ಯೂ ಹಾಕಿದರೂ ನಿಲ್ಲಬೇಕಾದದ್ದು ಅದೇ ಇಬಿ-2 ಕ್ಯೂನಲ್ಲಿ. ಇಬಿ-1 ಕ್ಯೂ ಮುಂದಿದೆ ನಿಜ, ಆದರೆ ಅಲ್ಲಿ ಕೇಳೋದು ಸಂಶೋಧನಾ ಲೇಖನ, ಪ್ರಶಸ್ತಿ, ಹೆಸರು. ದಿನಕ್ಕೆ ಇಪ್ಪತ್ತು ಜನರ ಬಿಪಿ, ಶುಗರ್ ನೋಡುವ ಹಳ್ಳಿ ಡಾಕ್ಟರ್ ಹತ್ತಿರ ಅವು ಎಲ್ಲಿಂದ ಬರಬೇಕು? ಮಗಳು ಅಮೆರಿಕದಲ್ಲೇ ಹುಟ್ಟಿದವಳು, ಅದರಿಂದ ಏನಾದರೂ ಆಗುತ್ತಾ ಎಂದೂ ಕೇಳಿದರು. ಮಗಳಿಗೆ 21 ತುಂಬುವವರೆಗೆ ಇಲ್ಲ.

ನಮ್ಮಲ್ಲಿ ಹೊಸ ಫೈಲು ತೆರೆಯುವಾಗ ಇಬ್ಬರ ಪಾಸ್‌ಪೋರ್ಟ್‌ನ ನಕಲನ್ನೂ ತೆಗೆದುಕೊಳ್ಳುತ್ತೇವೆ. ಗಂಡನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಸ್ಥಳ ಕುವೈತ್ ಎಂದಿತ್ತು.

"ಸರ್, ನೀವು ಹುಟ್ಟಿದ್ದು ಕುವೈತ್‌ನಲ್ಲಾ?" ಎಂದು ಕೇಳಿದೆ.

"ಹೌದು. ನಾಲ್ಕು ವರ್ಷ ಇದ್ದೆವು ಅಷ್ಟೇ. ಪಾಸ್‌ಪೋರ್ಟ್ ಮಾತ್ರ ಭಾರತದ್ದೇ," ಎಂದರು, ಏನೋ ತಪ್ಪಾಗಿದೆ ಅನ್ನೋ ಹಾಗೆ.

ಗ್ರೀನ್ ಕಾರ್ಡ್ ಕ್ಯೂನಲ್ಲಿ ಪೌರತ್ವ ಲೆಕ್ಕಕ್ಕೇ ಇಲ್ಲ, ನೋಡೋದು ಹುಟ್ಟಿದ ದೇಶ. ಗಂಡ ಹೆಂಡತಿ ಬೇರೆಬೇರೆ ಕ್ಯೂನಲ್ಲಿ ನಿಂತು ಅಗಲಬಾರದು ಎನ್ನುವ ಕಾರಣಕ್ಕೆ, ಒಬ್ಬರು ಹುಟ್ಟಿದ ದೇಶದ ಕ್ಯೂವನ್ನು ಇನ್ನೊಬ್ಬರು ಬಳಸಲು ಕಾನೂನು ಬಿಡುತ್ತದೆ. ಇದಕ್ಕೆ ಕ್ರಾಸ್ ಚಾರ್ಜಬಿಲಿಟಿ ಎನ್ನುತ್ತಾರೆ. ಅರ್ಜಿ ಹೆಂಡತಿಯದೇ ಆಗಿದ್ದರೂ ಗಂಡನ ಕುವೈತ್ ಅವರಿಗೂ ಸಿಗುತ್ತದೆ. ಮಕ್ಕಳು ಹುಟ್ಟಿದ ದೇಶ ಮಾತ್ರ ಅಪ್ಪ ಅಮ್ಮನಿಗೆ ಸಿಗೋದಿಲ್ಲ. ಕುವೈತ್‌ನಲ್ಲಿ ಹುಟ್ಟಿದವರು ಆ ಶೇಕಡ 7ರ ಮಿತಿ ಮುಟ್ಟುವಷ್ಟು ಇರಲಿಲ್ಲ. ಆಗ ಆ ಸಾಲಿನಲ್ಲಿ ಇಬಿ-2 'ಕರೆಂಟ್', ಅಂದರೆ ಕ್ಯೂನೇ ಇಲ್ಲ.

ಆರು ವರ್ಷದಿಂದ ಅವರ ಜೆ-2 ಫಾರ್ಮ್‌ನಲ್ಲಿ, ವೀಸಾ ಅರ್ಜಿಗಳಲ್ಲಿ, ಎಚ್-4 ಕಾಗದಗಳಲ್ಲಿ ಕುವೈತ್ ಎಂದು ಅಚ್ಚಾಗಿಯೇ ಇತ್ತು. ಡಾಕ್ಟರ್ ಗಂಡನ ಕಡೆ ತಿರುಗಿ, "ರೀ, ಒಂದು ದಿನವಾದ್ರೂ ಹೇಳಬಾರದಿತ್ತಾ?" ಎಂದರು. "ನೀನು ಕೇಳಿದ್ಯಾ?" ಎಂದರು ಅವರು. ಅದೃಷ್ಟಕ್ಕೆ ಏನೂ ಕಳೆದುಹೋಗಿರಲಿಲ್ಲ. ಯಾವ ದೇಶದ ಕ್ಯೂ ಎಂದು ಕೇಳಿಕೊಳ್ಳೋದು ಐ-140ರಲ್ಲಿ ಅಲ್ಲ, ಅದರ ನಂತರದ ಐ-485ರಲ್ಲಿ, ಅಂದರೆ ಗ್ರೀನ್ ಕಾರ್ಡ್‌ನ ಕೊನೆಯ ಹಂತದ ಅರ್ಜಿಯಲ್ಲಿ.

ಅರೇಬಿಕ್ ಕಾಗದ

ಪಾಸ್‌ಪೋರ್ಟ್‌ನಲ್ಲಿ ಕುವೈತ್ ಎಂದಿದ್ದರೆ ಸಾಲದು, ಜನನ ಪ್ರಮಾಣಪತ್ರ ಬೇಕು. 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗ ಅಲ್ಲಿದ್ದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೆಚ್ಚಾಗಿ ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತಂದರು. ಇವರ ಕುಟುಂಬವೂ ಹಾಗೇ ಬಂದದ್ದು. ಮನೆ ಸಾಮಾನೆಲ್ಲ ಅಲ್ಲೇ ಉಳಿಯಿತು, ಕಾಗದದ ಚೀಲ ಮಾತ್ರ ಜೊತೆಗಿತ್ತು. ಅದರಲ್ಲಿ ಎರಡು ಕಾಗದ ಸಿಕ್ಕವು: ಕುವೈತ್ ಸರ್ಕಾರದ ಅರೇಬಿಕ್ ಜನನ ಪತ್ರ, ಮತ್ತು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಕೊಟ್ಟ ನೋಂದಣಿ ಚೀಟಿ.

ಅರೇಬಿಕ್ ಪತ್ರದಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ತಾತನ ಹೆಸರು ಒಂದೇ ಸಾಲಿನಲ್ಲಿ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿದ್ದರು. ಅನುವಾದಕರು ಅರೇಬಿಕ್ ಉಚ್ಚಾರದಂತೆ ಇಂಗ್ಲಿಷಿಗೆ ಇಳಿಸಿದಾಗ ಬಂದ ಹೆಸರು ಮೂರನೆಯದೇ ಮನುಷ್ಯನದು! ನಮ್ಮ ಕಡೆಯವರ ಫೈಲುಗಳಲ್ಲಿ ಇನಿಷಿಯಲ್‌ನಷ್ಟು ಗೋಳು ಕೊಟ್ಟ ವಿಷಯ ಇನ್ನೊಂದಿಲ್ಲ. ಪೂರ್ತಿ ಅನುವಾದ, ಎರಡೂ ಭಾಷೆ ಬಲ್ಲೆ ಎನ್ನುವ ಅನುವಾದಕರ ಸಹಿ, ರಾಯಭಾರ ಕಚೇರಿಯ ಚೀಟಿ, ಮೂರು ಹೆಸರೂ ಒಬ್ಬನದೇ ಎನ್ನುವ ಅಫಿಡವಿಟ್, ಮದುವೆ ಪತ್ರ, ಇಷ್ಟನ್ನು ಸೇರಿಸಿದೆವು. ಎಲ್ಲದರ ಮೇಲೆ ಒಂದು ಪುಟದ ಪತ್ರ ಇಟ್ಟು, ಕುವೈತ್ ಲೆಕ್ಕದಲ್ಲಿ ಪರಿಗಣಿಸಿ ಎಂದು ದಪ್ಪ ಅಕ್ಷರದಲ್ಲಿ ಬರೆದೆವು. ಇಂಥದ್ದನ್ನು ಅಧಿಕಾರಿಯೇ ಹುಡುಕಿಕೊಳ್ಳಲಿ ಎಂದು ಬಿಡಬಾರದು.

ವೈದ್ಯಕೀಯ ತಪಾಸಣೆಯೂ ಇತ್ತು. ಎಷ್ಟೇ ದೊಡ್ಡ ಡಾಕ್ಟರ್ ಆಗಿರಲಿ, ಸರ್ಕಾರ ನೇಮಿಸಿದ ಬೇರೆ ಡಾಕ್ಟರ್ ಹತ್ತಿರ ಹೋಗಿ ಟಿಬಿ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಆಗ ಕೋವಿಡ್ ಲಸಿಕೆಯ ದಾಖಲೆಯೂ ಕಡ್ಡಾಯ. ಊರಿಗೆಲ್ಲ ಲಸಿಕೆ ಬರೆದುಕೊಟ್ಟವರು ತಮ್ಮ ಕಾರ್ಡ್ ಎಲ್ಲಿಟ್ಟೆ ಎಂದು ಹುಡುಕಿದರು.

2022ರ ನವೆಂಬರ್‌ನಲ್ಲಿ ಇಬ್ಬರ ಐ-485 ಒಟ್ಟಿಗೆ ಹೋಯಿತು. ಹಾಗೆ ಒಟ್ಟಿಗೆ ಹೋಗೋದೇ ಮುಖ್ಯ, ಗಂಡನನ್ನು ಬಿಟ್ಟು ಅವರ ದೇಶವನ್ನು ಮಾತ್ರ ತಗೊಳ್ಳೋಕೆ ಆಗೋದಿಲ್ಲ. ಮುಂದಿನ ತಿಂಗಳೇ ಉಳಿದ ದೇಶಗಳಿಗೂ ಇಬಿ-2ರಲ್ಲಿ ದಿನಾಂಕದ ಮಿತಿ ಬಂತು. ಇವರದು 2020ರ ಜನವರಿಯ ದಿನಾಂಕ ಆದ್ದರಿಂದ ತೊಂದರೆ ಆಗಲಿಲ್ಲ. ಆಸ್ಪತ್ರೆಯೊಂದಿಗೆ ಚೌಕಾಸಿ ಮಾಡಿ ಗಿಟ್ಟಿಸಿಕೊಂಡ ದಿನಾಂಕ ಅದು.

ಆದರೂ ಕಾರ್ಡ್ ಆಗಲೇ ಬರಲಿಲ್ಲ. ಐದು ವರ್ಷ ಮುಗಿಯಬೇಕಿತ್ತು. ವರ್ಕ್ ಪರ್ಮಿಟ್, ಪ್ರಯಾಣದ ಪರವಾನಗಿ ಸಿಕ್ಕವು. ಡಾಕ್ಟರ್ ಎಚ್-1ಬಿಯನ್ನು ಬಿಡಲಿಲ್ಲ, ಅದು ಜಾಣತನ. ಐ-485 ಏನಾದರೂ ತಿರಸ್ಕಾರವಾದರೆ ಕಾಲ ಕೆಳಗೆ ನೆಲ ಇರಬೇಕಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಐದು ವರ್ಷ ತುಂಬಿತು. ಪ್ರತಿ ವರ್ಷದ ಡಬ್ಲ್ಯೂ-2 (ಸಂಬಳ, ತೆರಿಗೆಯ ಚೀಟಿ), ಹೊಸ ಕೇಂದ್ರದ ಪತ್ರ, ಮತ್ತು ಮುಚ್ಚಿಹೋದ ಕ್ಲಿನಿಕ್‌ನ ಆ ಒಂದು ಪುಟ ಕಳಿಸಿದೆವು. ಅಷ್ಟರಲ್ಲಿ ಹಳೆಯ ಮೆಡಿಕಲ್ ಡೈರೆಕ್ಟರ್ ನಿವೃತ್ತರಾಗಿದ್ದರು, ಎಚ್‌ಆರ್‌ನಲ್ಲಿ ಇವರನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. 2025ರ ಜನವರಿಯಲ್ಲಿ ಇಬ್ಬರಿಗೂ ಗ್ರೀನ್ ಕಾರ್ಡ್ ಬಂತು.

ಗಂಡನೂ ಭಾರತದಲ್ಲೇ ಹುಟ್ಟಿದ್ದರೆ?

ಆಗ ಈ ಫೈಲು ಇನ್ನೂ ನನ್ನ ಮೇಜಿನ ಮೇಲೇ ಇರುತ್ತಿತ್ತು. 2025ರ ಬೇಸಿಗೆಯಲ್ಲಿ ಭಾರತದ ಇಬಿ-2 ಇದ್ದದ್ದು 2013ರ ಜನವರಿ 1ರಲ್ಲಿ. ಐ-140 ಮಂಜೂರಾಗಿರೋದರಿಂದ ಎಚ್-1ಬಿಯನ್ನು ಆರು ವರ್ಷ ದಾಟಿಯೂ ಮೂರು ಮೂರು ವರ್ಷ ವಿಸ್ತರಿಸುತ್ತಾ ಇರಬಹುದು. ಮಾಡಿದ ಸೇವೆ ಅದೇ, ನೋಡಿದ ರೋಗಿಗಳು ಅದೇ ಜನ. ಇದನ್ನು ನ್ಯಾಯ ಎಂದು ಕರೆಯಲು ನನಗೆ ಬಾಯಿ ಬರೋದಿಲ್ಲ.

ಈಗ ರೆಸಿಡೆನ್ಸಿ ಮುಗಿಸುತ್ತಿರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 2025ರ ಸೆಪ್ಟೆಂಬರ್ 21ರಿಂದ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಎಂಬ ಅಧ್ಯಕ್ಷರ ಆದೇಶ ಬಂತು. ಅಕ್ಟೋಬರ್ 20ರಂದು ಯುಎಸ್‌ಸಿಐಎಸ್ ಕೊಟ್ಟ ವಿವರಣೆಯಂತೆ, ದೇಶದೊಳಗೇ ಇದ್ದು ಜೆ-1ರಿಂದ ಎಚ್-1ಬಿಗೆ ಬದಲಾಗುವವರಿಗೆ ಇದು ಅನ್ವಯಿಸೋದಿಲ್ಲ. ಆದರೆ ಆ ಅರ್ಜಿ ತೀರ್ಮಾನವಾಗುವ ಮೊದಲೇ ದೇಶ ಬಿಟ್ಟು ಹೋದರೆ ಶುಲ್ಕ ಬೀಳುತ್ತದೆ. ರೆಸಿಡೆನ್ಸಿ ಮುಗಿದ ಜುಲೈ ತಿಂಗಳಲ್ಲಿ ಊರಿಗೆ ಹೋಗಿ ಅಪ್ಪ ಅಮ್ಮನನ್ನು ನೋಡಿಕೊಂಡು ಬರೋಣ ಅನ್ನೋದು ಎಲ್ಲರ ಆಸೆ. ಹಳ್ಳಿಯ ಕ್ಲಿನಿಕ್‌ಗೆ ಒಬ್ಬ ಡಾಕ್ಟರ್‌ಗಾಗಿ ಅಷ್ಟು ಹಣ ಕಟ್ಟುವ ಶಕ್ತಿ ಇರೋದಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ಎಚ್-1ಬಿ ಅಪ್ರೂವಲ್ ನೋಟಿಸ್ ಬಂದಿದೆಯಾ ಎಂದು ವಕೀಲರನ್ನು ಕೇಳಿ, ಬಂದಿದ್ದರೆ ಮಾತ್ರ ಬುಕ್ ಮಾಡಿ.